ಬುಧವಾರ ರಾತ್ರಿ ಎಂಟು ಗಂಟೆ

ಮೊನ್ನೆ ಹುಮನಾಬಾದಿಗೆ ಹೋದಾಗ ಅಟ್ಟದ ಮೇಲೆ ಮುತ್ಯಾನ ರೇಡಿಯೋ ಸಿಕ್ಕಿತು. ಜೊತೆಗೆ ಅದರ ಲೈಸೆನ್ಸ್ ಪುಸ್ತಕ! ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಪ್ರತಿ ವರ್ಷ ದುಡ್ಡು ಕಟ್ಟಬೇಕಿತ್ತಂತೆ.

"ಬುಧವಾರ ರಾತ್ರಿ ಎಂಟಾಯ್ತಂದ್ರ ನಿಮ್ಮ ಮುತ್ಯಾ ಯಾರ ಜೋಡಿನೂ ಮಾತಾಡ್ತಿದ್ದಿಲ್ಲ ನೋಡ್ ತಮ್ಮಾ" ಅಂದರು ಅಪ್ಪ. ಆ ಹೊತ್ತಿಗೆ ಬರುತ್ತಿದ್ದದ್ದು ಬಿನಾಕಾ ಗೀತ್‌ಮಾಲಾ, ಅಮೀನ್ ಸಯಾನಿಯ ದನಿಯಲ್ಲಿ.

ಕಥೆ ಶುರುವಾಗುವುದು 1952ರಲ್ಲಿ. ಆ ವರ್ಷ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ. ವಿ. ಕೇಸ್ಕರ್‌ಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಕಡಿಮೆಯಾದವು. ಹಾಡಿನ ಜೊತೆ ಸಿನಿಮಾದ ಹೆಸರು ಹೇಳಿದರೆ ಅದೂ ಜಾಹೀರಾತು ಎಂದರು. ನಿರ್ಮಾಪಕರು ಮುನಿಸಿಕೊಂಡು ಅನುಮತಿಯನ್ನೇ ವಾಪಸ್ ಪಡೆದರು. ಕೇಳುಗರು ಏನು ಮಾಡಿದರು? ಸುಮ್ಮನೆ ರೇಡಿಯೋ ಸಿಲೋನಿಗೆ ತಿರುಗಿಸಿದರು! ಕಾರ್ಯಕ್ರಮ ಮುದ್ರಣವಾಗುತ್ತಿದ್ದದ್ದು ಮುಂಬೈಯಲ್ಲಿ, ಪ್ರಸಾರ ಕೊಲಂಬೊದಿಂದ. ಆಕಾಶವಾಣಿ ಎಚ್ಚೆತ್ತು ವಿವಿಧ ಭಾರತಿ ಶುರುಮಾಡಿದ್ದು 1957ರ ಅಕ್ಟೋಬರ್ 3ರಂದು.

ನಮ್ಮ ಭಾಗಕ್ಕೆ ಸಯಾನಿ ಹತ್ತಿರವಾಗಲು ಇನ್ನೊಂದು ಕಾರಣವಿದೆ ಅನ್ನಿಸುತ್ತೆ. ಬಸವಕಲ್ಯಾಣ, ಹುಮನಾಬಾದ್ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಪಕ್ಕದ ಓಣಿಯಲ್ಲಿ ಮರಾಠಿ. ಸಯಾನಿಯ ತಾಯಿ ಕುಲ್ಸುಮ್ ಸಯಾನಿ 'ರಹಬರ್' ಎಂಬ ಪತ್ರಿಕೆಯನ್ನು ದೇವನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ನಡೆಸುತ್ತಿದ್ದರು. ಅದರ ಕೆಲಸ ಮಾಡುತ್ತಲೇ ಮಗನಿಗೆ ಎಲ್ಲರಿಗೂ ತಿಳಿಯುವ ಸರಳ ಹಿಂದುಸ್ತಾನಿ ಬಂತು. ಅಂಥ ಮಾತು ನಮ್ಮೂರಿಗೆ ಹೊಸದೇ ಅಲ್ಲ.

ಇಂಗ್ಲೆಂಡಿನ ಬಿಬಿಸಿಯಲ್ಲಿ ಜಾನ್ ಪೀಲ್ ಎಂಬಾತ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಯಾರೂ ಕೇಳದ ತಂಡಗಳ ಹಾಡು ಹಾಕುತ್ತಿದ್ದ. ಸಯಾನಿ ಹಾಗಲ್ಲ, ಆತನದು ಗೆದ್ದ ಹಾಡುಗಳ ಪಟ್ಟಿ. ಆದರೆ ಸರ್ಕಾರ ಕೀಳೆಂದದ್ದನ್ನು ಜನರ ಮುಂದೆ ಮರ್ಯಾದೆಯಿಂದ ಇಟ್ಟರಲ್ಲ, ಅದು ಸಣ್ಣದೇ?

ಇಷ್ಟು ಬರೆದ ಮೇಲೆ ಒಂದು ಮಾತು ಚುಚ್ಚುತ್ತಿದೆ. ಮುತ್ಯಾ ಸ್ವತಃ ಹಾಡುತ್ತಿದ್ದರು. ಅಮಾವಾಸ್ಯೆಯ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದು ವಚನ, ತತ್ವಪದ. ಆ ಹಾರ್ಮೋನಿಯಂಗೂ ಆಕಾಶವಾಣಿಯಲ್ಲಿ 1940ರಿಂದ ಮೂರು ದಶಕ ನಿಷೇಧವಿತ್ತು ಗೊತ್ತಾ? ಕಲಬುರಗಿಗೆ ಆಕಾಶವಾಣಿ ಬಂದದ್ದೇ 1966ರಲ್ಲಿ. ಮುತ್ಯಾ ಅಲ್ಲಿಗೆ ಹೋಗಲಿಲ್ಲ, ಅವರನ್ನು ಯಾರೂ ಕರೆಯಲೂ ಇಲ್ಲ.

ಸಯಾನಿ 2024ರ ಫೆಬ್ರವರಿ 20ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ರಾತ್ರಿ ಬೆಂಗಳೂರಿನ ರೂಮಿನಲ್ಲಿ ಅವರ ದನಿ ಹುಡುಕಿದೆ, ಒಂದೇ ನಿಮಿಷದಲ್ಲಿ ಸಿಕ್ಕಿತು. ಮುತ್ಯಾನ ದನಿ ಮಾತ್ರ ಎಲ್ಲೂ ಇಲ್ಲ. ನಾನು ಇಂಜಿನಿಯರಿಂಗ್ ಓದುವಾಗ ಅವರಿನ್ನೂ ಹಾಡುತ್ತಿದ್ದರು, ನನ್ನ ಜೇಬಿನಲ್ಲಿ ಮೊಬೈಲ್ ಇತ್ತು. ಒಮ್ಮೆಯೂ ಹೊಳೆಯಲಿಲ್ಲ...

ಭಜನೆಯಲ್ಲಿ ಅವರ ಜೊತೆ ತಾಳ ಹಾಕುತ್ತಿದ್ದ ಒಬ್ಬ ಅಜ್ಜ ಬಸವಕಲ್ಯಾಣದಲ್ಲಿ ಇದ್ದಾರಂತೆ. ಬರುವ ಅಮಾವಾಸ್ಯೆಗೆ ಹೋಗುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಇವತ್ತೇ ರೆಕಾರ್ಡ್ ಮಾಡಿಕೊಳ್ಳಿ. ಮಾಡಿದರೆ ನನಗೂ ಕೇಳಿಸಿ :)