ಎಲ್ಲಮ್ಮನ ಗುಡ್ಡದ ಸುತ್ತಿನ ಕೇರಿಗಳು

ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ಹರಿದುಬರುವ ಜನಸಾಗರವನ್ನು ತಾವು ಕಂಡಿರಬಹುದು. ಆ ಸಂಭ್ರಮದ ಮರೆಯಲ್ಲಿ ಮುತ್ತು ಕಟ್ಟಿಸಿಕೊಂಡ ಬಾಲೆಯರು ಮುಂದೆ ಎಲ್ಲಿ ಬಾಳಿದರೆಂದು ನಾವು ವಿಚಾರಿಸಿದ್ದು ಕಡಿಮೆ. ಬಹುಮಂದಿ ಊರಂಚಿನ ದಲಿತ ಕೇರಿಗಳಲ್ಲಿ ಬಾಳಿದರು. ಕೆಲವರು ಮುಂಬಯಿಯ ಗಲ್ಲಿಗಳ ಪಾಲಾದರು.

ಕಾನೂನೇನೋ ಹಳೆಯದೇ. ಮುಂಬಯಿ ಸರಕಾರ 1934ರಲ್ಲಿಯೇ ದೇವದಾಸಿಯರ ರಕ್ಷಣೆಗೆ ಶಾಸನ ಮಾಡಿತ್ತು. ಸವದತ್ತಿ, ಬೈಲಹೊಂಗಲಗಳು ಮುಂಬಯಿ ಇಲಾಖೆಯವು. ಅಲ್ಲಿ ಅದು ಸಂದಿತು. ನೆರೆಯ ರಾಮದುರ್ಗ 1948ರವರೆಗೆ ಬೇರೆ ಸಂಸ್ಥಾನ. ಅಲ್ಲಿಗೆ ಅದು ಸಲ್ಲಲಿಲ್ಲ. ಕರ್ನಾಟಕದ 1982ರ ಕಾಯದೆಯು ಮಗಳನ್ನು ದೇವರಿಗೆ ಬಿಟ್ಟ ತಾಯಿತಂದೆಗಳಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಿತು. ಗುಡ್ಡದ ಮೇಲಿನ ವಿಧಿ ಗುಟ್ಟಾಗಿ ಮನೆಯೊಳಗೆ ಸರಿಯಿತು. ಆದರೆ ಅದಾಗಲೇ ಮುತ್ತು ಹೊತ್ತವಳ ಒಲೆ ಉರಿಯುವುದೆಂತು?

ಅದಕ್ಕೆ ಉತ್ತರ ಕೇರಿಯಿಂದಲೇ ಬಂದಿತೆಂದು ನನ್ನ ಭಾವನೆ. ಮೈರಾಡ ಸಂಸ್ಥೆಯ ನೆರವಿನಿಂದ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡರು; 1997ರಲ್ಲಿ ಘಟಪ್ರಭೆಯಲ್ಲಿ ಅವರದೇ ಆದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ರೂಪುಗೊಂಡಿತು. ಒಟ್ಟಿಗೆ ಕೂಡುವುದು, ಕೈಲಾದಷ್ಟು ಉಳಿಸುವುದು, ಆ ಗಂಟಿನಿಂದಲೇ ಎಮ್ಮೆಗೋ ಮಗುವಿನ ಶಾಲೆಗೋ ಸಾಲ ಕೊಡುವುದು, ಲೆಕ್ಕವನ್ನು ಎಲ್ಲರೆದುರು ಓದುವುದು—ಇಷ್ಟೇ ಕೆಲಸ. ಸಾಹುಕಾರನ ಹಂಗು ಕಡಿಮೆಯಾಗಲು ಇದು ದಾರಿಮಾಡಿತು. ಇನ್ನೊಂದು ಲಾಭವೂ ಉಂಟು: ಯಾವ ಮನೆಯಲ್ಲಿ ಯಾವ ಹುಡುಗಿಗೆ ಮುತ್ತು ಸಿದ್ಧವಾಗುತ್ತಿದೆಯೆಂಬುದು ಪೊಲೀಸರಿಗಿಂತ ಮೊದಲು ನೆರೆಮನೆಯವಳಿಗೆ ತಿಳಿಯುತ್ತದೆ. ತಡೆಯಲು ಹೋಗುವವಳು ತಾನೇ ಆ ಬಾಳನ್ನು ಉಂಡವಳು. ಅವಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಈ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು.