ವಿಜಯನಗರದ ಬೀದಿಗಳಲ್ಲಿ ಪರದೇಶಿಗಳು

ಲಂಡನ್ನಿಗೋ ಪ್ಯಾರಿಸಿಗೋ ಹೋಗಿ ಬಂದ ನಮ್ಮವರನ್ನು ಮಾತನಾಡಿಸಿ ನೋಡಿ. ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆಗಿಂತ ಮೊದಲು ಬರುವುದು ದಾರಿಯ ಮಾತು: ನೆಲದೊಳಗಿನ ರೈಲು, ಬಣ್ಣದ ಗೆರೆಗಳ ನಕಾಶೆ, ತಪ್ಪಿ ಇಳಿದ ನಿಲ್ದಾಣ. ದೊಡ್ಡ ಊರು ಹೊಸಬನಿಗೆ ಒಡ್ಡುವ ಮೊದಲ ಪರೀಕ್ಷೆಯೇ ಅದು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆಯ ಓದುಗರೇ, ಐನೂರು ವರ್ಷಗಳ ಹಿಂದೆ ಈ ಪರೀಕ್ಷೆ ತಿರುವುಮುರುವಾಗಿತ್ತು. ಆ ದೊಡ್ಡ ಊರು ನಿಮ್ಮ ನೆರೆಯಲ್ಲಿತ್ತು. ದಾರಿ ತಿಳಿಯದೆ ನಿಂತವನು ಯುರೋಪಿನವನಾಗಿದ್ದ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪೇಸ್ ಎಂಬ ಪೋರ್ಚುಗೀಸನು ಗೋವೆಯಿಂದ ಬಂದ ತಂಡವೊಂದರೊಡನೆ ವಿಜಯನಗರವನ್ನು ಕಂಡನು. ಅವನ ಕೈಯಲ್ಲಿ ನಕಾಶೆ ಇರಲಿಲ್ಲ. ಇರುವುದಾದರೂ ಹೇಗೆ? ರೋಮ್ ನಗರಕ್ಕೇ ಅಳತೆಯಿಂದ ಮಾಡಿದ ದೊಡ್ಡ ಅಚ್ಚಿನ ನಕಾಶೆ ಬಂದದ್ದು 1551ರಲ್ಲಿ, ಲಿಯೊನಾರ್ಡೊ ಬುಫಾಲಿನಿಯ ಕೈಯಿಂದ. ಪೇಸ್ ಇಂದಿನ ಪ್ರವಾಸಿ ಮಾಡುವ ಕೆಲಸವನ್ನೇ ಮಾಡಿದನು; ಗುಡ್ಡ ಹತ್ತಿದನು. ಯಾವ ಗುಡ್ಡವೆಂದು ಹೆಸರಿಸಿಲ್ಲ. ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದಾಗಿ ತೋರಿತು, ಉಳಿದದ್ದು ಬೆಟ್ಟದ ಸಾಲುಗಳ ಮರೆಯಲ್ಲಿದ್ದುದರಿಂದ ಊರಿನ ಅಳತೆ ಬರೆಯುವುದಿಲ್ಲ ಎಂದನು. ಅವನಿಗಿಂತ ನೂರು ವರ್ಷ ಮೊದಲು ಬಂದಿದ್ದ ನಿಕೊಲೊ ಕಾಂಟಿ ಊರಿನ ಸುತ್ತಳತೆ 60 ಮೈಲಿ ಎಂದು ಹೇಳಿಬಿಟ್ಟಿದ್ದ. ನನಗಂತೂ ಪೇಸನ ಸಂಕೋಚದ ಮೇಲೆಯೇ ಹೆಚ್ಚು ನಂಬಿಕೆ.

ಬೀದಿಗಿಳಿದರೆ ಇನ್ನೊಂದು ತೊಡಕು. ಹೇರು ಹೊತ್ತ ಎತ್ತುಗಳು ಎಣಿಕೆಯಿಲ್ಲದಷ್ಟು. ಅವು ದಾಟುವವರೆಗೆ ಕಾಯಬೇಕು, ಇಲ್ಲವೆ ಬೇರೆ ಬೀದಿ ಹಿಡಿಯಬೇಕು ಎನ್ನುತ್ತಾನೆ. ಸುಗ್ಗಿಯ ಕಾಲದಲ್ಲಿ ಭತ್ತದ ಲಾರಿಗಳ ಹಿಂದೆ ಸಿಕ್ಕಿಬಿದ್ದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಆದರೂ ಊರಿಗೊಂದು ಕ್ರಮವಿತ್ತು. ಒಂದೊಂದು ಕಸುಬಿನವರ ಅಂಗಡಿಗಳು ಒಂದೇ ಕಡೆ ಒತ್ತಾಗಿದ್ದುವೆಂದು 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಬರೆದಿದ್ದಾನೆ. ದಿನಕ್ಕೊಂದು ಕಡೆ ಸಂತೆ ಸೇರುತ್ತಿತ್ತೆಂದು ಪೇಸ್ ಹೇಳುತ್ತಾನೆ. ವಾರ ಯಾವುದು, ಬೇಕಾದ ಸಾಮಾನು ಯಾವುದು ಎಂಬುದು ಗೊತ್ತಿದ್ದರೆ ದಾರಿಯೂ ಅರ್ಧ ಗೊತ್ತಾದಂತೆಯೇ.

ಹೊಳೆ ದಾಟಿ ಆನೆಗೊಂದಿಗೆ ಹೋಗಲು ಹರಿಗೋಲು. ತುಂಗಭದ್ರೆಯ ದಂಡೆಯ ಸಿರುಗುಪ್ಪದವರಿಗೆ ಅದೇನು ಹೊಸದೇ? ಪೇಸನಿಗೆ ಅದೊಂದು ಬೆರಗು. ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡಗೆ; ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ನೇರವಾಗಿ ಸಾಗದೆ ತಿರುಗುತ್ತಲೇ ಇರುತ್ತದೆ ಎಂದು ಬರೆದುಕೊಂಡನು.

ಅತಿಥಿಗಳಿಗೆ ರಾಯನು ಮನೆ ಕೊಡಿಸಿದನು; ಕುರಿ, ಕೋಳಿ, ಬೆಣ್ಣೆ ಜೇನುಗಳ ಗಡಿಗೆಗಳನ್ನು ಕಳುಹಿಸಿದನು. ಅರಮನೆ ನೋಡಲು ಅಪ್ಪಣೆಯೂ ಸಿಕ್ಕಿತು. ಆದರೆ ಬಾಗಿಲಲ್ಲಿ ತಲೆ ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಆದರವೂ ಎಚ್ಚರವೂ ಜೊತೆಜೊತೆಯಾಗಿದ್ದುವು.

ಪೇಸನ ಈ ಬರಹ ಬಹುಕಾಲ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹಸ್ತಪ್ರತಿಯಾಗಿಯೇ ಇತ್ತು. ಡೇವಿಡ್ ಲೋಪೆಸ್ 1897ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು.

ಇನ್ನು ಇನ್ನೊಬ್ಬನ ಮಾತು. 1565ರ ಸೋಲಿನಿಂದ ನಗರ ಹಾಳಾದ ಮೇಲೆ, 1567ರಲ್ಲಿ, ವೆನಿಸ್ಸಿನ ವರ್ತಕ ಸೀಸರ್ ಫೆಡರಿಚಿ ಗೋವೆಯಿಂದ ಬಂದನು. ಜೊತೆಯಲ್ಲಿದ್ದ ಇಬ್ಬರು ವ್ಯಾಪಾರಿಗಳ ಬಳಿ 300 ಅರಬ್ಬಿ ಕುದುರೆಗಳು. ಮನೆಗಳು ನಿಂತೇ ಇದ್ದುವು, ಒಳಗೆ ಹುಲಿ ಮೊದಲಾದ ಕಾಡುಮೃಗಗಳು. ಬೀದಿಯಲ್ಲಿ ಎತ್ತುಗಳಿಗಾಗಿ ಕಾಯುವ ಕಷ್ಟ ಈಗಿರಲಿಲ್ಲ. ಕುದುರೆ ಮಾರಿದವರು ಹಣಕ್ಕಾಗಿ ಕಾಯಬೇಕಾಗಿತ್ತು. ತಿರುಮಲರಾಯನು ಬೇಕಾದಷ್ಟು ಕುದುರೆ ಕೊಂಡು, ಬಿಡಿಕಾಸೂ ಕೊಡದೆ ಸಾಗಹಾಕಿದನೆಂದು ಫೆಡರಿಚಿ ಬರೆಯುತ್ತಾನೆ. ಅವನ ಸ್ವಂತ ವ್ಯವಹಾರ ಒಂದು ತಿಂಗಳಲ್ಲಿ ಮುಗಿಯುವಂಥದು. ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಏಳು ತಿಂಗಳು ಉಳಿಯಬೇಕಾಯಿತು. ಕೊನೆಗೆ ಹೊರಟಾಗ ಮತ್ತೊಂದು ಪೇಚು. ಅರಸೊತ್ತಿಗೆಯ ಹಿಡಿತ ಸಡಿಲಿ, ದಾರಿಯುದ್ದಕ್ಕೂ ಒಬ್ಬೊಬ್ಬ ಪಾಳೆಯಗಾರನು ತನ್ನದೇ ನಾಣ್ಯ ಟಂಕಿಸುತ್ತಿದ್ದನಂತೆ. ಇಂದು ಕೈಗೆ ಬಂದ ಚಿಲ್ಲರೆ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ.