ಖಾಲಿ ಗಾದಿಯ ಮೇಲೆ ಕೂತವರು

ಯಾದಗಿರಿಯಲ್ಲಿ ಬಸ್ಸು ಹತ್ತಿ, ಭೀಮಾ ನದಿ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡುತ್ತಾ ಸುರಪುರಕ್ಕೆ ಹೋಗುವ ದಾರಿ ನನಗೆ ಚಿಕ್ಕಂದಿನಿಂದಲೂ ಗೊತ್ತು. ಈಚೆಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರ ಕೈಯಲ್ಲಿ ತಮ್ಮೂರಿನ ರಸ್ತೆಯ ಅರ್ಜಿಯಿತ್ತು. ‘ಮೊದಲಾದ್ರ ಜಿಲ್ಲಾ ಪಂಚಾಯ್ತಿ ಮೆಂಬರ್ ಮನಿಗಿ ಹೋಗಿ ಕುಂದರತಿದ್ವಿ ತಮ್ಮಾ. ಈಗ ಮೆಂಬರೇ ಇಲ್ಲ. ಖುರ್ಚಿ ಖಾಲಿ ಅದ, ಯಾರಿಗಿ ಕೇಳಾದು?’ ಎಂದರು. ನಾನು ಹೊರಟಿದ್ದುದು ಸುರಪುರದ ಇನ್ನೊಂದು ಖಾಲಿ ಗಾದಿಯ ಕತೆ ಹುಡುಕಿಕೊಂಡು. ಅವರ ಪ್ರಶ್ನೆ ಆ ಕತೆಯೊಳಗೇ ಬಂದು ಸೇರಿಕೊಂಡಿತು.

1840ರ ದಶಕದ ಆರಂಭದಲ್ಲಿ ಸುರಪುರದ ನಾಯಕ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಏಳೆಂಟು ವರ್ಷದ ಹುಡುಗ. ಸಂಸ್ಥಾನದ ಮೇಲೆ ಹೈದರಾಬಾದಿನ ನಿಜಾಮನ ಬಾಕಿ ಏರಿ ಕೂತಿತ್ತು. ಹುಡುಗನ ಹೆಸರಿನಲ್ಲಿ ಆಳುವವರು ಯಾರು? ತಾಯಿ ರಾಣಿ ಈಶ್ವರಮ್ಮ ಅಧಿಕಾರ ತನ್ನದೆಂದಳು. ತೀರಿಕೊಂಡ ದೊರೆಯ ತಮ್ಮ ಪಿಡ್ಡನಾಯಕ ಒಂದು ಕಡೆ ನಿಂತ. ಇವರ ನಡುವೆ ಕಂಪನಿ ಸರ್ಕಾರ ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿಯನ್ನು ಕಳಿಸಿತು. ಠಕ್ಕರ ಕುರಿತ ಕಾದಂಬರಿಯನ್ನು 1839ರಲ್ಲೇ ಪ್ರಕಟಿಸಿ ಹೆಸರು ಮಾಡಿದ್ದ ಆ ಟೇಲರ್‌ನೇ ಈತ. ಗಾದಿ ಹುಡುಗನದು, ಹಕ್ಕು ಮನೆಯವರದು, ಲೆಕ್ಕ ಮಾತ್ರ ಟೇಲರ್ ಕೈಯಲ್ಲಿ. ಮೇಲ್ವಿಚಾರಣೆಗೆಂದು ಬಂದವನು ಕ್ರಮೇಣ ಆಡಳಿತವನ್ನೇ ನಡೆಸತೊಡಗಿದ.

ಆತ ಕೆಟ್ಟ ಆಡಳಿತಗಾರನಾಗಿರಲಿಲ್ಲ, ಇದನ್ನು ಒಪ್ಪಲೇಬೇಕು. ಕಂದಾಯದ ಲೆಕ್ಕ ಸರಿಪಡಿಸಿದ, ಬಾಕಿ ತೀರಿಸುವ ದಾರಿ ಮಾಡಿದ, ಬೋನಾಳ ಕೆರೆಯ ಕೆಲಸ ಮಾಡಿಸಿದ. ಇಂದು ಅಲ್ಲಿಗೆ ಹಕ್ಕಿಗಳು ಬಂದು ಇಳಿಯುತ್ತವೆ. ಈ ಸೀಮೆಯ ಬೃಹತ್ ಶಿಲಾ ಗೋರಿಗಳನ್ನು ಅಗೆದು ನೋಡಿ ಬರೆದಿಟ್ಟ. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಊರಿನವರು ಈಗಲೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.

ಆದರೆ ಆ ವರ್ಷಗಳಲ್ಲಿ ಟೇಲರ್ ಯಾರಿಗೆ ಉತ್ತರ ಕೊಡುತ್ತಿದ್ದ? ಹೈದರಾಬಾದಿನ ರೆಸಿಡೆಂಟನಿಗೆ. ಅಲ್ಲಿಂದ ಕಲ್ಕತ್ತೆಗೆ. ಕೆರೆ ಕೆಳಗಿನ ರೈತನಿಗಲ್ಲ, ಬೇಡರ ನಾಯಕರಿಗಲ್ಲ, ರಾಣಿಗೂ ಅಲ್ಲ. ಅವನು ಒಳ್ಳೆಯವನಾಗಿದ್ದುದು ಜನರ ಅದೃಷ್ಟ, ಹಕ್ಕಲ್ಲ. 1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ. ಐದೇ ವರ್ಷಕ್ಕೆ, 1858ರ ಫೆಬ್ರವರಿಯಲ್ಲಿ, ಅದೇ ದೊರೆ ಕಂಪನಿಯ ಮೇಲೆ ತಿರುಗಿಬಿದ್ದ. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ಹೈದರಾಬಾದಿನಲ್ಲಿ ಸೆರೆಸಿಕ್ಕ. ಶಿಕ್ಷೆ ಕಡಿಮೆಯಾಗಿ ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ದಾಖಲೆ ಹೇಳುತ್ತದೆ. ಅದನ್ನು ನಂಬದವರು ನಮ್ಮ ಕಡೆ ಬಹಳ. ಗಾದಿ ಮತ್ತೆ ಖಾಲಿಯಾಯಿತು. ಈ ಸಲ ಅದನ್ನು ತುಂಬುವ ಗೋಜಿಗೆ ಯಾರೂ ಹೋಗಲಿಲ್ಲ. 1860ರಲ್ಲಿ ಸಂಸ್ಥಾನವನ್ನೇ ನಿಜಾಮನಿಗೆ ಕೊಟ್ಟರು.

ಗಾದಿ ಖಾಲಿ ಎನ್ನುತ್ತೇವೆ. ಆದರೆ ಅದು ಒಂದು ದಿನವೂ ಖಾಲಿ ಇರುವುದಿಲ್ಲ. ಯಾರೋ ಕೂತಿರುತ್ತಾರೆ. ಅವರನ್ನು ಕೂಡಿಸಿದವರು ಯಾರು, ಅವರನ್ನು ಎಬ್ಬಿಸುವವರು ಯಾರು ಎಂಬುದಷ್ಟೇ ಪ್ರಶ್ನೆ.

ಯಾದಗಿರಿ 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗ ಇದ್ದವು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕು. ಊರಿನ ಮಾತು ನಡೆಯುವ ಕಚೇರಿ ಹತ್ತಿರ ಬಂತೆಂದು ನಾವು ಹಿಗ್ಗಿದೆವು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಜಿಲ್ಲಾ ಪಂಚಾಯಿತಿಗೆ ಸ್ಥಾಯಿ ಸಮಿತಿಗಳನ್ನು ಕೊಟ್ಟಿದೆ. ಅವುಗಳಲ್ಲೊಂದು ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ. ಅಧಿಕಾರಿ ಇಟ್ಟ ಲೆಕ್ಕವನ್ನು ಚುನಾಯಿತ ಸದಸ್ಯ ತಿರುವಿಹಾಕಿ ನೋಡಲಿ ಎಂಬುದು ಅದರ ಉದ್ದೇಶ. 2016ರಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳಿದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತಾ ವರ್ಷಗಳೇ ಉರುಳಿದವು. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿ ಬಂದ. ಲೆಕ್ಕ ಬರೆಯುವವರಿದ್ದರು, ತಿರುವಿಹಾಕುವ ಸಮಿತಿ ಇರಲಿಲ್ಲ.

ಅಧಿಕಾರಿಗಳನ್ನು ದೂರುವುದು ಸುಲಭ. ನನ್ನ ಉದ್ದೇಶ ಅದಲ್ಲ. ಅವರಲ್ಲಿಯೂ ಟೇಲರ್‌ನಂತಹ ದಕ್ಷರಿರಬಹುದು. ಸುರಪುರದ ಚರಿತ್ರೆ ನನಗೆ ಕಲಿಸಿದ್ದು ಇನ್ನೊಂದು: ದಕ್ಷನಾದವನು ಕೆರೆ ಕಟ್ಟಿಸಿಯಾನು, ಆದರೆ ಬಸ್ಸಿನ ಹಿರಿಯರು ಅವನ ಮನೆಗೆ ಹೋಗಿ ಕುಂದರಲಾರರು. ಅವನಿಗೆ ವರ್ಗವಾಗುತ್ತದೆ, ಅವರ ರಸ್ತೆ ಅಲ್ಲೇ ಉಳಿಯುತ್ತದೆ.

ಟೇಲರ್ ಮಂಜಿಲ್ ಮುಂದೆ ನಿಂತರೆ ಊರು ಕಾಲಡಿ ಕಾಣುತ್ತದೆ. ಮೇಲಿನಿಂದ ನೋಡುವವನಿಗೆ ಎಲ್ಲವೂ ಅಚ್ಚುಕಟ್ಟು. ನಾನು ಇಳಿದು ಬಂದು ನೋಡಿದೆ. ಆ ಹಿರಿಯರು ಬಸ್ ನಿಲ್ದಾಣದಲ್ಲಿ ಯಾದಗಿರಿ ಬಸ್ಸಿಗೆ ಕಾಯುತ್ತಿದ್ದರು. ಅರ್ಜಿ ಇನ್ನೂ ಕೈಯಲ್ಲೇ ಇತ್ತು.